ವಿಮಾನ ಮರಿ ಹಾಕುತ್ತದೆಯೇ?

ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರಕ್ಕೆ ಶಾಲೆಯ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಾನೊಂದು ಮಾತು ಹೇಳುವುದುಂಟು. ನೀಳ ಕೊಂಬಿನ ಈ ದನಗಳು ಒಂದು ಕಾಲಕ್ಕೆ ಸೈನ್ಯಕ್ಕೆ ಸೇರಿದ್ದವು. ಹೈದರಾಲಿ, ಟಿಪ್ಪು ಸುಲ್ತಾನರ ತೋಪುಗಳನ್ನು ಎಳೆದವು ಇವುಗಳ ಪೂರ್ವಿಕ ಎತ್ತುಗಳೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಸೈನ್ಯ ಉಳಿಯಲಿಲ್ಲ. ತಳಿ ಮಾತ್ರ ಉಳಿಯಿತು.

ಒಮ್ಮೆ ಹೀಗೆ ಹೇಳುತ್ತಿದ್ದಾಗ ತರೀಕೆರೆ ಕಡೆಯ ಹುಡುಗನೊಬ್ಬ ಥಟ್ಟನೆ ಕೇಳಿದ: "ಸಾರ್, ವಿಮಾನದ ಪಡೆ ಮುಚ್ಚಿದ್ರೆ ಏನು ಉಳಿಯುತ್ತೆ? ವಿಮಾನ ಮರಿ ಹಾಕಲ್ವಲ್ಲ!" ಎಲ್ಲರೂ ನಕ್ಕರು. ನನಗೆ ಮಾತ್ರ ಅದು ಒಳ್ಳೆಯ ಪ್ರಶ್ನೆ ಎನಿಸಿತು. ಉತ್ತರವಾಗಿ ಒಂದು ಪಡೆಯ ಕಥೆಯನ್ನೇ ಹೇಳಿದೆ. ಅದು ಭಾರತೀಯ ವಾಯುಪಡೆಯ 18ನೇ ಸ್ಕ್ವಾಡ್ರನ್ನಿನ ಕಥೆ.

ನುಸಿಯಂಥ ವಿಮಾನ

ಸ್ಕ್ವಾಡ್ರನ್ ಎಂದರೆ ಸಾಮಾನ್ಯವಾಗಿ ಹದಿನಾರು ಹದಿನೆಂಟು ಯುದ್ಧವಿಮಾನಗಳು, ಅವುಗಳ ಪೈಲಟ್‌ಗಳು ಮತ್ತು ತಂತ್ರಜ್ಞರು ಸೇರಿದ ಒಂದು ತುಕಡಿ. 18ನೆಯದು ಆರಂಭವಾದದ್ದು 1965ರ ಏಪ್ರಿಲ್ 15ರಂದು. 'ತೀವ್ರ ಮತ್ತು ನಿರ್ಭಯ' ಎಂಬುದು ಅದರ ಧ್ಯೇಯವಾಕ್ಯ. ಅದರ ಕೈಗೆ ಬಂದ ವಿಮಾನ ನ್ಯಾಟ್. ಇಂಗ್ಲಿಷಿನಲ್ಲಿ ಈ ಹೆಸರಿಗೆ ನುಸಿ ಎಂದು ಅರ್ಥ!

ಹೆಸರಿಗೆ ತಕ್ಕ ಗಾತ್ರ. ಉದ್ದ ಸುಮಾರು 9 ಮೀಟರ್, ರೆಕ್ಕೆಯ ಹರವು 7 ಮೀಟರಿಗೂ ಕಡಿಮೆ. ಬ್ರಿಟನ್ನಿನ ಪೆಟ್ಟರ್ ಎಂಬ ಎಂಜಿನಿಯರ್ ರೂಪಿಸಿದ ಈ ವಿಮಾನವನ್ನು ಅವರದೇ ವಾಯುಪಡೆ ಯುದ್ಧಕ್ಕೆ ಬಳಸಲಿಲ್ಲ, ತರಬೇತಿ ಮಾದರಿಯನ್ನಷ್ಟೇ ಕೊಂಡಿತು. ನಮ್ಮ ವಾಯುಪಡೆಯಾದರೋ ಅದನ್ನು ಒಪ್ಪಿ ಅಪ್ಪಿಕೊಂಡಿತು. ಬಹುಪಾಲು ನ್ಯಾಟ್‌ಗಳು ತಯಾರಾದದ್ದು ನಮ್ಮ ಬೆಂಗಳೂರಿನ ಎಚ್‌.ಎ.ಎಲ್. ಕಾರ್ಖಾನೆಯಲ್ಲಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನೊಡನೆ ಕಟ್ಟಿದ ಸಂಸ್ಥೆ ಅದು.

ಇಷ್ಟು ಚಿಕ್ಕ ವಿಮಾನದಿಂದ ಏನು ಪ್ರಯೋಜನ? ಒಂದು ಲೆಕ್ಕ ಮಾಡೋಣ. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ಒಂದು ನಿಮಿಷಕ್ಕೆ 15 ಕಿಲೋಮೀಟರ್ ಸಾಗುತ್ತದೆ. ಕಡೂರಿನಿಂದ ತರೀಕೆರೆಗೆ ಹತ್ತಿರ ಹತ್ತಿರ 30 ಕಿಲೋಮೀಟರ್. ಅಂದರೆ ಶತ್ರು ವಿಮಾನ ಕಡೂರಿನ ಮೇಲೆ ಕಾಣಿಸಿದರೆ ತರೀಕೆರೆಯವರಿಗೆ ಉಳಿಯುವುದು ಎರಡೇ ನಿಮಿಷ! ಅಷ್ಟರೊಳಗೆ ಮೇಲೇರಿ ಅಡ್ಡಗಟ್ಟುವುದೇ ವಾಯುರಕ್ಷಣೆ. ಹಗುರವಾದ ನ್ಯಾಟ್ ಬೇಗನೆ ಮೇಲೇರುತ್ತಿತ್ತು, ಚುರುಕಾಗಿ ತಿರುಗುತ್ತಿತ್ತು, ಎದುರಾಳಿಯ ಕಣ್ಣಿಗೆ ಸುಲಭವಾಗಿ ಬೀಳುತ್ತಿರಲಿಲ್ಲ. ದೋಷಗಳೂ ಇದ್ದವು. ಅದರ ಫಿರಂಗಿಗಳು ಕೆಲವೊಮ್ಮೆ ಸಿಕ್ಕಿಕೊಳ್ಳುತ್ತಿದ್ದವು, ನಿಯಂತ್ರಣ ವ್ಯವಸ್ಥೆ ಕೈಕೊಡುತ್ತಿತ್ತು.

ಶ್ರೀನಗರದ ಆ ಬೆಳಗು

1971ರ ಯುದ್ಧದಲ್ಲಿ ಈ ಸ್ಕ್ವಾಡ್ರನ್ನಿನ ನ್ಯಾಟ್‌ಗಳು ಶ್ರೀನಗರದ ಕಾವಲಿಗೆ ನಿಂತವು. ರೇಡಾರ್ ಅಲೆಗಳು ನೇರವಾಗಿ ಸಾಗುತ್ತವೆ ಎಂದು ನಾವು ತರಗತಿಯಲ್ಲಿ ಓದುತ್ತೇವೆ. ಬೆಟ್ಟ ಅಡ್ಡ ಬಂದರೆ ಅದರ ಹಿಂದಿನದು ಕಾಣದು. ಸುತ್ತ ಪರ್ವತಗಳಿರುವ ಕಾಶ್ಮೀರ ಕಣಿವೆಯಲ್ಲಿ ಆಗ ಮುನ್ಸೂಚನೆ ಕೊಡುತ್ತಿದ್ದವರು ಎತ್ತರದ ಠಾಣೆಗಳಲ್ಲಿ ಕುಳಿತು ಆಕಾಶ ನೋಡುತ್ತಿದ್ದ ಮನುಷ್ಯರೇ.

ಡಿಸೆಂಬರ್ 14ರಂದು ಪೆಶಾವರದಿಂದ ಬಂದ ಆರು ಸೇಬರ್ ಜೆಟ್‌ಗಳು ಶ್ರೀನಗರದ ವಿಮಾನ ನಿಲ್ದಾಣದ ಮೇಲೆರಗಿದವು. ಸಿದ್ಧವಾಗಿದ್ದದ್ದು ಎರಡು ನ್ಯಾಟ್. ಒಂದರಲ್ಲಿ ಲೂಧಿಯಾನ ಜಿಲ್ಲೆಯ ರೈತಾಪಿ ನಾಡಿನಿಂದ ಬಂದ ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋನ್. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ರನ್‌ವೇ ಮೇಲೆ ಬಾಂಬುಗಳು ಬೀಳುತ್ತಿದ್ದಾಗಲೇ ಅವರು ವಿಮಾನವನ್ನು ಮೇಲೆಬ್ಬಿಸಿದರು. ಜೊತೆಯ ನ್ಯಾಟ್ ಕಣ್ಮರೆಯಾಯಿತು. ಸೆಖೋನ್ ಒಬ್ಬರೇ ಸೇಬರ್‌ಗಳ ನಡುವೆ ಸೆಣಸಿದರು. ಒಂದಕ್ಕೆ ಗುಂಡು ತಗುಲಿಸಿದರು, ಇನ್ನೊಂದಕ್ಕೆ ಬೆಂಕಿ ಹತ್ತಿತು ಎನ್ನುತ್ತದೆ ಭಾರತದ ದಾಖಲೆ. ಪಾಕಿಸ್ತಾನ ಈ ನಷ್ಟವನ್ನು ಒಪ್ಪಿಲ್ಲ. ಕೊನೆಗೆ ಅವರ ನ್ಯಾಟ್‌ಗೂ ಗುಂಡು ಬಿತ್ತು. ವಿಮಾನ ಬೆಟ್ಟಗಳ ನಡುವೆ ಪತನವಾಯಿತು. ಅವರ ದೇಹ ಸಿಗಲೇ ಇಲ್ಲ.

ಎರಡು ದಿನಗಳಲ್ಲಿ ಯುದ್ಧ ಮುಗಿಯಿತು. ಸೆಖೋನ್ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಇಂದಿಗೂ ಆ ಪದಕ ಪಡೆದ ವಾಯುಪಡೆಯ ಏಕೈಕ ಯೋಧ ಅವರೇ. ಅವರ ಪಡೆಗೆ 'ಕಾಶ್ಮೀರ ಕಣಿವೆಯ ರಕ್ಷಕರು' ಎಂಬ ಹೆಸರು ಬಂತು.

ಧ್ವಜ ಬಂದ ಐದೇ ತಿಂಗಳಿಗೆ

ಯಂತ್ರಕ್ಕೂ ಮುಪ್ಪು ಬರುತ್ತದೆ. ನ್ಯಾಟ್ ಹೋಗಿ ಅದರ ಸುಧಾರಿತ ರೂಪವಾದ ಅಜೀತ್ ಬಂತು. ಅದನ್ನು ಮಾಡಿದವರೂ ಬೆಂಗಳೂರಿನವರೇ. ಅಜೀತ್ ಹೋಗಿ ಮಿಗ್-27 ಬಂತು. 2015ರ ನವೆಂಬರಿನಲ್ಲಿ ರಾಷ್ಟ್ರಪತಿಗಳು ಈ ಸ್ಕ್ವಾಡ್ರನ್ನಿಗೆ ಗೌರವ ಧ್ವಜವನ್ನು ನೀಡಿದರು. ಐದೇ ತಿಂಗಳು! 2016ರ ಏಪ್ರಿಲ್ 15ರಂದು, ಹುಟ್ಟಿದ ದಿನಕ್ಕೆ ಸರಿಯಾಗಿ 51 ವರ್ಷ ತುಂಬಿದಾಗ, ಪಡೆಯನ್ನು ಮುಚ್ಚಲಾಯಿತು. ಸೋತದ್ದಕ್ಕಲ್ಲ, ತಪ್ಪು ಮಾಡಿದ್ದಕ್ಕೂ ಅಲ್ಲ. ಮಿಗ್-27ಗಳಿಗೆ ವಯಸ್ಸಾಗಿತ್ತು.

ವಾಯುಪಡೆಯಲ್ಲಿ ಇದನ್ನು 'ನಂಬರ್ ಪ್ಲೇಟ್' ಮಾಡುವುದು ಎನ್ನುತ್ತಾರೆ. ಜನ ಬೇರೆ ಬೇರೆ ಕಡೆಗೆ ವರ್ಗವಾಗಿ ಹೋಗುತ್ತಾರೆ. ಸಂಖ್ಯೆ, ಲಾಂಛನ, ಇತಿಹಾಸ ಇವನ್ನು ಕಾದಿಡುತ್ತಾರೆ. ಹೊಸ ವಿಮಾನ ಬಂದರೆ ಅದೇ ಹೆಸರಿಗೆ ಮತ್ತೆ ಜೀವ. ಬಾರದಿದ್ದರೆ ಹೆಸರು ಹಾಗೆಯೇ ಕಾಯುತ್ತಿರಬೇಕು.

18ನೆಯದು ನಾಲ್ಕು ವರ್ಷ ಕಾಯಿತು. 2020ರ ಏಪ್ರಿಲಿನಲ್ಲಿ ತಮಿಳುನಾಡಿನ ಸೂಲೂರಿನಲ್ಲಿ ಅದು ಪುನರ್ಜನ್ಮ ಪಡೆಯಿತು. ಮೇ 27ರಂದು ಅದಕ್ಕೆ ತೇಜಸ್ ವಿಮಾನ ಸೇರಿತು. ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು, ಅದೇ ಬೆಂಗಳೂರಿನ ಆಕಾಶದಲ್ಲಿ!

ಉಳಿದಿರುವ ಪಾಠ

ಎಲ್ಲ ಪಡೆಗಳಿಗೂ ಈ ಭಾಗ್ಯ ಸಿಕ್ಕಿಲ್ಲ. ವಾಯುಪಡೆಗೆ ಮಂಜೂರಾಗಿರುವ ಯುದ್ಧವಿಮಾನ ಸ್ಕ್ವಾಡ್ರನ್‌ಗಳು 42. 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತವಾದ ಮೇಲೆ ಉಳಿದದ್ದು 29. ತೇಜಸ್ ನಮ್ಮದಾದರೂ ಅದರ ಎಂಜಿನ್ ಅಮೆರಿಕದ್ದು. ಎಂಜಿನ್ ತಡವಾಗಿ ಬಂದದ್ದರಿಂದ ಹೊಸ ಮಾದರಿಯ ತೇಜಸ್‌ಗಳೂ ತಡವಾದವು. ಸಾವಿರ ಡಿಗ್ರಿಗೂ ಮಿಕ್ಕ ಶಾಖವನ್ನು ತಡೆದು ತಿರುಗುವ ಟರ್ಬೈನ್ ಅಲಗನ್ನು ಮಾಡುವುದು ಸುಲಭದ ಕೆಲಸವಲ್ಲ. ಅದಕ್ಕೆ ಲೋಹಶಾಸ್ತ್ರ ಬೇಕು, ಗಣಿತ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು.

ಪೋಷಕರಲ್ಲಿ ನನ್ನದೊಂದು ಅರಿಕೆ. ಸೆಖೋನ್ ಅವರ ಕಥೆಯನ್ನು ಮಕ್ಕಳಿಗೆ ಅಗತ್ಯವಾಗಿ ಹೇಳಿ. ಜೊತೆಗೆ, ಆ ಬೆಳಗ್ಗೆ ಅವರ ಕೆಳಗಿದ್ದ ವಿಮಾನವನ್ನು ಯಾರೋ ಕೂತು ಕಟ್ಟಿದ್ದರು, ಅದರ ಗುಣದಷ್ಟೇ ದೋಷವೂ ಪೈಲಟ್ಟಿನ ಪ್ರಾಣಕ್ಕೆ ಸಂಬಂಧಿಸಿತ್ತು ಎಂಬುದನ್ನೂ ಹೇಳಿ.

ತರೀಕೆರೆಯ ಹುಡುಗನಿಗೆ ಆ ದಿನ ನಾನು ಹೇಳಿದ್ದು ಇಷ್ಟೇ: "ನಿಜ ಕಣಪ್ಪಾ, ವಿಮಾನ ಮರಿ ಹಾಕೋದಿಲ್ಲ. ಹೆಸರು ಕಾದಿರುತ್ತೆ, ವಿಮಾನ ಮಾತ್ರ ನೀವೇ ಮಾಡಬೇಕು." ಅವನು ನಗಲಿಲ್ಲ. ಬಸ್ಸು ಹತ್ತುವಾಗ ಮತ್ತೆ ಕೇಳಿದ: "ಅದಕ್ಕೆ ಏನು ಓದಬೇಕು ಸಾರ್?"