ಕೊಂಡ ಬೆಲೆ, ಬಳಸುವ ಬೆಲೆ

ಬೆಂಗಳೂರಿನಂತಹ ನಗರದ ಪುಟ್ಟ ಮನೆಯೊಂದರಲ್ಲಿ ಹೊಸದಾಗಿ ಸಂಸಾರ ಹೂಡಿದವರು ವರ್ಷಾಂತ್ಯದಲ್ಲಿ ಖರ್ಚಿನ ಪುಸ್ತಕವನ್ನು ತೆರೆದು ನೋಡಲಿ. ಪಾತ್ರೆ, ಮಂಚ, ಪಂಖ, ರೆಫ್ರಿಜರೇಟರು, ಎಲ್ಲದರ ಬೆಲೆಯೂ ಅಲ್ಲಿರುತ್ತದೆ. ಪಾತ್ರೆಯ ಲೆಕ್ಕ ಕೊಂಡ ದಿನವೇ ಮುಗಿಯಿತು. ವಿದ್ಯುತ್ತಿನಿಂದ ನಡೆಯುವ ವಸ್ತುವಿನ ಲೆಕ್ಕವಾದರೋ ಅಂದಿನಿಂದ ಆರಂಭವಾಗುತ್ತದೆ.

ಒಂದು ಸಾವಿರ ವಾಟಿನ ಉಪಕರಣವು ಒಂದು ಗಂಟೆ ನಡೆದರೆ ವ್ಯಯವಾಗುವ ವಿದ್ಯುತ್ತೇ ಒಂದು ಯೂನಿಟ್ಟು. ಹಳೆಯ ಮಾದರಿಯ 75 ವಾಟಿನ ಪಂಖವು ದಿನಕ್ಕೆ 10 ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 274 ಯೂನಿಟ್ಟುಗಳು ಬೇಕು. ಬಿ.ಎಲ್.ಡಿ.ಸಿ. ಮೋಟಾರಿನ 30 ವಾಟಿನ ಪಂಖಕ್ಕೆ ಸುಮಾರು 110 ಸಾಕು. ಕಾರಣವೇನು? ಹಳೆಯ ಮೋಟಾರಿನ ತಿರುಗುವ ಭಾಗದಲ್ಲಿ ಕಾಂತತ್ವವನ್ನು ವಿದ್ಯುತ್ತೇ ಪ್ರೇರಿಸಬೇಕು; ಹೊಸದರಲ್ಲಿ ಶಾಶ್ವತ ಕಾಂತಗಳೇ ಇರುತ್ತವೆ.

ಶಕ್ತಿಗೆ ನಾಶವಿಲ್ಲ. ಮನೆಯೊಳಗೆ ವ್ಯಯವಾದ ವಿದ್ಯುತ್ತು ಬಹುಮಟ್ಟಿಗೆ ಅಲ್ಲಿಯೇ ಶಾಖವಾಗಿ ಉಳಿಯುತ್ತದೆ. ರೆಫ್ರಿಜರೇಟರು ಆಹಾರದಿಂದ ಹೀರಿದ ಶಾಖವನ್ನೂ ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಕೋಣೆಗೇ ಬಿಡುತ್ತದೆ. ಆದುದರಿಂದ ಅದರ ಬಾಗಿಲನ್ನು ತೆರೆದಿಟ್ಟರೆ ಕೋಣೆ ತಂಪಾಗದು, ಇನ್ನಷ್ಟು ಬಿಸಿಯಾದೀತು! ಇಕ್ಕಟ್ಟಾದ ಮನೆಯಲ್ಲಿ ದುಂದುಗಾರ ಉಪಕರಣಕ್ಕೆ ಎರಡು ದಂಡ: ಒಂದು ವಿದ್ಯುತ್ತಿನ ಬಿಲ್ಲು, ಇನ್ನೊಂದು ಸೆಕೆ.

ಭಾರತದಲ್ಲಿ 2006ರಲ್ಲಿ ಆರಂಭವಾದ ನಕ್ಷತ್ರಚೀಟಿಯು ಈ ಗುಪ್ತವೆಚ್ಚವನ್ನು ಬಯಲು ಮಾಡುತ್ತದೆ. ರೆಫ್ರಿಜರೇಟರಿನ ಚೀಟಿಯಲ್ಲಿ ವರ್ಷಕ್ಕೆ ತಗಲುವ ಯೂನಿಟ್ಟುಗಳನ್ನೇ ನಮೂದಿಸಿರುತ್ತಾರೆ. ವಿದ್ಯಾರ್ಥಿಗಳು ತಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ಬೆಲೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ವಾಟನ್ನು ಗಂಟೆಗಳಿಂದ ಗುಣಿಸಿ, ಸಾವಿರದಿಂದ ಭಾಗಿಸಿ ಬರೆಯಲಿ. ಅಂಗಡಿಯಲ್ಲಿ ಅಗ್ಗವಾಗಿ ಕಂಡದ್ದು ಮನೆಯಲ್ಲಿಯೂ ಅಗ್ಗವೇ ಎಂಬುದು ಆಗ ತಿಳಿಯುತ್ತದೆ.