ಜಿಲ್ಲಾ ಖನಿಜ ಪ್ರತಿಷ್ಠಾನ

ಜಿಲ್ಲಾ ಖನಿಜ ಪ್ರತಿಷ್ಠಾನವು ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶ ಹಾಗೂ ಜನರ ಹಿತಕ್ಕಾಗಿ, ಗಣಿ ಮತ್ತು ಖನಿಜಗಳ ಕಾಯ್ದೆಯ 2015ರ ತಿದ್ದುಪಡಿಯ ಅನ್ವಯ ಸ್ಥಾಪಿತವಾಗುವ ಲಾಭರಹಿತ ಸಂಸ್ಥೆ. ಕಬ್ಬಿಣದ ಅದಿರಿನ ನೆಲೆಯಾದ ಸಂಡೂರು, ಹೊಸಪೇಟೆ ಪ್ರದೇಶಗಳಿಗೆ ಇದು ಮಹತ್ವದ್ದಾಗಿದೆ.

ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಪ್ರತಿಷ್ಠಾನಕ್ಕೂ ವಂತಿಗೆ ನೀಡಬೇಕು. 2015ರ ಜನವರಿ 12ಕ್ಕಿಂತ ಹಿಂದಿನ ಗುತ್ತಿಗೆಗಳಿಗೆ ಇದು ರಾಜಧನದ ಶೇ. 30ರಷ್ಟು, ಅನಂತರದವುಗಳಿಗೆ ಶೇ. 10ರಷ್ಟು. ರಾಜಧನವು ರಾಜ್ಯದ ಬೊಕ್ಕಸಕ್ಕೆ ಸೇರಿದರೆ, ವಂತಿಗೆಯು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ ಸಂರಕ್ಷಣೆ ಮೊದಲಾದ ಸ್ಥಳೀಯ ಅಗತ್ಯಗಳಿಗೆ ವಿನಿಯೋಗವಾಗುತ್ತದೆ.

ನಾರ್ವೆ ದೇಶವು ತೈಲದ ಆದಾಯವನ್ನು ನಿಧಿಯಲ್ಲಿ ಕೂಡಿಟ್ಟು, ಬಹುಮಟ್ಟಿಗೆ ಅದರ ಪ್ರತಿಫಲವನ್ನಷ್ಟೇ ಬಳಸುತ್ತದೆ. ಪ್ರತಿಷ್ಠಾನದ ಹಣವಾದರೋ ಬಹುಪಾಲು ಕಾಮಗಾರಿಗಳಿಗೆ ವೆಚ್ಚವಾಗುತ್ತದೆ. ತೆಗೆದ ಅದಿರು ಮರಳಿ ಹುಟ್ಟದು. ಆದ್ದರಿಂದ ಗಣಿ ಬರಿದಾದ ಮೇಲೂ ಉಳಿಯುವ ಶಾಲೆ, ನೀರು, ಕಾಡುಗಳೇ ಈ ಹಣದ ಸದ್ವಿನಿಯೋಗಕ್ಕೆ ಅಳತೆಗೋಲು.