ಗುಬ್ಬಚ್ಚಿಯ ಗೂಡಿನಲ್ಲಿ ಸಿಗರೇಟಿನ ತುಂಡು

ಧೂಮಪಾನದಿಂದ ಶ್ವಾಸಕೋಶಕ್ಕೂ ಹೃದಯಕ್ಕೂ ಒದಗುವ ಹಾನಿಯನ್ನು ಕುರಿತು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಸೇದುವವರು ಕೇಳುತ್ತಲೇ ಬಂದಿದ್ದಾರೆ. ಆದರೆ ಸೇದಿ ಮುಗಿದ ಮೇಲೆ ಬೆರಳ ತುದಿಯಿಂದ ಚಿಮ್ಮಿದ ತುಂಡಿನ ಗತಿಯೇನೆಂದು ಆಲೋಚಿಸುವವರು ವಿರಳ. ಮನೆಯಲ್ಲಿ ಹಸಿ ಕಸ, ಒಣ ಕಸವೆಂದು ಬೇರ್ಪಡಿಸಿ ಕೊಡುವ ಸದ್ಗೃಹಸ್ಥರೇ, ಕಚೇರಿಯ ಚಹದ ವೇಳೆಯಲ್ಲಿ ತುಂಡನ್ನು ನೆಲಕ್ಕೆ ಹಾಕಿ, ಪಾದರಕ್ಷೆಯಿಂದ ಹೊಸಕಿ ಹೊರಟುಬಿಡುತ್ತಾರೆ. ಅದೂ ಕಸವೇ ಎಂಬ ಭಾವನೆ ಅವರಿಗೆ ಬರುವುದೇ ಇಲ್ಲ. ಸ್ವಾರಗೇಟಿನ ಬಸ್ ನಿಲ್ದಾಣವಿರಲಿ, ಡೆಕ್ಕನ್ ಜಿಮಖಾನವಿರಲಿ, ಹಿಂಜವಡಿಯ ಕಂಪನಿಗಳ ಹೆಬ್ಬಾಗಿಲಿರಲಿ, ಪುಣೆಯವರು ‘ಟಪರಿ’ ಎಂದು ಕರೆಯುವ ಗೂಡಂಗಡಿ ಇರುವೆಡೆಯಲ್ಲೆಲ್ಲ ನೆಲದ ಮೇಲೆ ಈ ಬಿಳಿ, ಕಂದು ತುಂಡುಗಳು ಹರಡಿರುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ತುಂಡುಗಳು ಹೀಗೆ ಬೀದಿಪಾಲಾಗುತ್ತವೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು.

ಈ ತುಂಡಿನ ಫಿಲ್ಟರು ನೋಡುವುದಕ್ಕೆ ಹತ್ತಿಯಂತಿದೆ. ಆದರೆ ಅದು ಹತ್ತಿಯಲ್ಲ, ಕಾಗದವೂ ಅಲ್ಲ. ಮರದ ತಿರುಳನ್ನು ರಾಸಾಯನಿಕವಾಗಿ ಮಾರ್ಪಡಿಸಿ ಪಡೆದ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಒತ್ತಿ ಕಟ್ಟಿದ ಸಿಂಬಿ ಅದು. ಒಂದು ಫಿಲ್ಟರಿನಲ್ಲಿ ಇಂಥ ಎಳೆಗಳು 12,000ಕ್ಕೂ ಹೆಚ್ಚು. ಬಿಸಿಲು ಮಳೆಗೆ ಸಿಕ್ಕಿ ಅದು ಚೂರುಚೂರಾಗುತ್ತದೆಯೇ ಹೊರತು ಬೇಗನೆ ಕೊಳೆಯುವುದಿಲ್ಲ; ಅದಕ್ಕೆ ವರ್ಷಗಳೇ ಬೇಕು. ಹೊಗೆಯಿಂದ ಹೀರಿಕೊಂಡ ಟಾರು, ನಿಕೋಟಿನ್, ಸೀಸ, ಕ್ಯಾಡ್ಮಿಯಂ ಮುಂತಾದವು ಆ ಎಳೆಗಳಲ್ಲಿಯೇ ಅಂಟಿಕೊಂಡಿರುತ್ತವೆ.

ಈ ಫಿಲ್ಟರು ಬಂದ ಬಗೆಯೂ ತಿಳಿಯತಕ್ಕದ್ದೇ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಇಂಗ್ಲೆಂಡ್ ಮತ್ತು ಅಮೆರಿಕದ ವೈದ್ಯರು 1950ರಲ್ಲಿ ತೋರಿಸಿಕೊಟ್ಟಾಗ ಗಿರಾಕಿಗಳು ಬೆದರಿದರು. ಆ ಬೆದರಿಕೆಯನ್ನು ನಿವಾರಿಸಲೆಂದೇ ಫಿಲ್ಟರಿನ ಪ್ರಚಾರ ಆ ದಶಕದಲ್ಲಿ ಭರದಿಂದ ನಡೆಯಿತು. ರೋಗವೇನೂ ದೂರವಾಗಲಿಲ್ಲ. ಅಡಿನೋಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರು ಹೆಚ್ಚುವುದಕ್ಕೆ ಸಿಗರೇಟಿನ ರಚನೆಯಲ್ಲಿ ಆದ ಬದಲಾವಣೆಗಳೇ ಕಾರಣವೆಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ಹೇಳಿತು. ಫಿಲ್ಟರಿನಲ್ಲಿ ಕೊರೆದ ಗಾಳಿರಂಧ್ರಗಳ ಮೇಲೂ ಅದು ಸಂಶಯ ವ್ಯಕ್ತಪಡಿಸಿತು. ನಿಪ್ಪಾಣಿಯ ತಂಬಾಕನ್ನೂ ಮಂಗಳೂರಿನ ಬೀಡಿಯನ್ನೂ ಬಲ್ಲ ಕನ್ನಡಿಗರಿಗೆ ಒಂದು ವ್ಯತ್ಯಾಸ ಸುಲಭವಾಗಿ ಹೊಳೆಯುತ್ತದೆ: ಬೀಡಿಯ ಮೋಟಿನಲ್ಲಿ ಇರುವುದು ಎಲೆ, ನೂಲು, ಒಂದಿಷ್ಟು ತಂಬಾಕು, ಅದು ಮಣ್ಣಾಗುತ್ತದೆ. ಸೇದುವವನ ಎದೆಗೆ ಬೀಡಿ ಕಡಮೆ ಶತ್ರುವೆಂದು ಮಾತ್ರ ಯಾರೂ ಭಾವಿಸಬಾರದು.

ಇನ್ನು ಹಕ್ಕಿಗಳ ವಿಷಯ. ಊರ ಕಡೆಯ ಹಳೆಯ ಮನೆಗಳಲ್ಲಿ ಜಂತೆಯ ಸಂದಿಯಲ್ಲಿಯೋ ಗೋಡೆಯ ಪಟದ ಹಿಂದೆಯೋ ಗುಬ್ಬಚ್ಚಿ ಗೂಡು ಕಟ್ಟುತ್ತಿದ್ದುದು ಹಿರಿಯರಿಗೆ ನೆನಪಿದೆ. ಹುಲ್ಲಿನ ಹೊದಿಕೆಯೊಳಗೆ ಮರಿಗಳಿಗಾಗಿ ಹತ್ತಿ, ಗರಿ, ಕೂದಲುಗಳನ್ನು ಅದು ಮೆತ್ತಗೆ ಹಾಸುತ್ತದೆ. ಮಹಾನಗರದಲ್ಲಿ ಅಂಥ ಮೆತ್ತನೆಯ ವಸ್ತು ಸಿಕ್ಕುವುದು ದುರ್ಲಭ. ಸಿಗರೇಟಿನ ತುಂಡಾದರೋ ಹೆಜ್ಜೆಹೆಜ್ಜೆಗೂ ಸಿಕ್ಕುತ್ತದೆ. ಮೆಕ್ಸಿಕೋ ನಗರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಆವರಣದಲ್ಲಿ ಗುಬ್ಬಚ್ಚಿಗಳ ಮತ್ತು ಫಿಂಚ್ ಎಂಬ ಅಲ್ಲಿಯ ಸಣ್ಣ ಹಕ್ಕಿಗಳ ಗೂಡುಗಳನ್ನು ವಿಜ್ಞಾನಿಗಳು ಬಿಚ್ಚಿ ನೋಡಿದಾಗ, ಹತ್ತರಲ್ಲಿ ಎಂಟಕ್ಕೂ ಹೆಚ್ಚು ಗೂಡುಗಳಲ್ಲಿ ಫಿಲ್ಟರಿನ ಎಳೆಗಳಿದ್ದವು. ಒಂದು ಗೂಡಿನಲ್ಲಂತೂ 48 ತುಂಡುಗಳಷ್ಟು ನಾರು! ಈ ಅಧ್ಯಯನ ಪ್ರಕಟವಾದದ್ದು 2013ರಲ್ಲಿ.

ಅಚ್ಚರಿಯ ಸಂಗತಿಯೆಂದರೆ, ನಾರು ಹೆಚ್ಚಿದ್ದ ಗೂಡುಗಳಲ್ಲಿ ಮರಿಗಳ ರಕ್ತ ಹೀರುವ ಕ್ರಿಮಿಗಳು ಕಡಮೆಯಿದ್ದವು. ನಿಕೋಟಿನ್ ಎಂಬುದು ಕೀಟಗಳಿಂದ ತನ್ನನ್ನು ರಕ್ಷಿಸಿಕೊಳ್ಳಲು ತಂಬಾಕಿನ ಗಿಡವೇ ಮಾಡಿಕೊಂಡ ವಿಷವಷ್ಟೆ. ಗೂಡಿನ ಬಳಿ ಬೆಚ್ಚಗಿನ ಬಲೆಗಳನ್ನು ಇರಿಸಿ ನೋಡಿದಾಗಲೂ, ಸೇದದ ಸಿಗರೇಟಿನ ನಾರಿಗಿಂತ ಸೇದಿದ ಸಿಗರೇಟಿನ ನಾರಿನತ್ತ ಬಂದ ಕ್ರಿಮಿಗಳು ಕಡಮೆ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫಿಂಚುಗಳ ಗೂಡಿಗೆ ಜೀವಂತ ಉಣ್ಣೆಗಳನ್ನು ಬಿಟ್ಟಾಗ, ತಾಯಿತಂದೆ ಹಕ್ಕಿಗಳು ಇನ್ನಷ್ಟು ಸಿಗರೇಟಿನ ನಾರನ್ನು ತಂದು ಸೇರಿಸಿದವು. ಮನೆಗೆ ತಿಗಣೆ ಹತ್ತಿದರೆ ಗೃಹಿಣಿ ಔಷಧಿ ಹೊಡೆಸುವಂತೆಯೇ ಇದು.

ಆದರೆ ಈ ಔಷಧಿಗೆ ತೆರಬೇಕಾದ ಬೆಲೆ ಇದೆ. ಅದೇ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಗೂಡಿನಲ್ಲಿ ತುಂಡಿನ ಅಂಶ ಹೆಚ್ಚಿದಷ್ಟೂ ಮರಿಗಳ ರಕ್ತಕಣಗಳಲ್ಲಿ ವಂಶವಾಹಿಗಳಿಗೆ ಆದ ಹಾನಿಯ ಗುರುತುಗಳು ಹೆಚ್ಚಿದ್ದವು. ಉಣ್ಣೆಯ ಕಾಟ ತಪ್ಪಿತೆಂಬ ಲಾಭ ಇಂದೇ ಕೈಗೆ ಬರುತ್ತದೆ. ನಷ್ಟವೋ ಮರಿಯ ರಕ್ತದಲ್ಲಿ ಸಾಲದಂತೆ ಉಳಿದು ಮುಂದಿನ ಕಂತುಗಳಿಗೆ ಕಾಯುತ್ತದೆ. ಹಕ್ಕಿಗೆ ಇದರಲ್ಲಿ ಎರಡನೆಯದು ತಿಳಿಯುವ ದಾರಿಯಿಲ್ಲ.

ತುಂಡನ್ನು ಆಹಾರವೆಂದು ಭ್ರಮಿಸುವುದೂ ಉಂಟು. 2019ರಲ್ಲಿ ಅಮೆರಿಕದ ಫ್ಲಾರಿಡ ಕಡಲತೀರದಲ್ಲಿ ತೆಗೆದ ಛಾಯಾಚಿತ್ರವೊಂದು ಲೋಕದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು: ಸ್ಕಿಮ್ಮರ್ ಎಂಬ ಕಡಲಹಕ್ಕಿ ಮೀನಿನ ಬದಲಿಗೆ ಸಿಗರೇಟಿನ ತುಂಡನ್ನು ತನ್ನ ಮರಿಯ ಬಾಯಿಗೆ ನೀಡುತ್ತಿರುವ ದೃಶ್ಯ. ನೆಲದಲ್ಲಿ ಅಂಬೆಗಾಲಿಡುವ ಮಗುವೂ ಸಿಕ್ಕಿದ್ದನ್ನು ಬಾಯಿಗಿಡುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ನುಂಗಿದ ತುಂಡಿನ ನಿಕೋಟಿನ್‌ನಿಂದ ಮಗುವಿಗೆ ವಾಂತಿಯಾಗಬಹುದು, ವಿಷವೇರಬಹುದು. ಅಂಥ ಸಂದರ್ಭದಲ್ಲಿ ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಪುಣೆಯಲ್ಲಿ ಜೂನ್ ತಿಂಗಳ ಮೊದಲ ಮಳೆ ಬಿದ್ದೊಡನೆ ಬೀದಿಯ ತುಂಡುಗಳೆಲ್ಲ ಮೋರಿಗೆ, ಮೋರಿಯಿಂದ ಆಂಬಿಲ್ ಓಢಾದಂಥ ಹಳ್ಳಗಳಿಗೆ, ಅಲ್ಲಿಂದ ಮುಠಾ ನದಿಗೆ ಸಾಗುತ್ತವೆ. ಸಂಗಮದಲ್ಲಿ ಮುಳೆಯನ್ನು ಕೂಡಿದ ನದಿ, ಚಳಿಗಾಲದಲ್ಲಿ ಬಾತುಕೋಳಿಗಳು ಬಂದಿಳಿಯುವ ಯರವಡಾದ ದಡವನ್ನು ದಾಟಿ ಭೀಮೆಯನ್ನು ಸೇರುತ್ತದೆ. ಭೀಮೆಯ ನೀರು ರಾಜಹಂಸಗಳು ಮೇಯುವ ಉಜನಿಯ ಜಲಾಶಯದಲ್ಲಿ ನಿಂತು, ಪಂಢರಪುರವನ್ನು ಹಾದು, ಕರ್ನಾಟಕವನ್ನು ಹೊಕ್ಕು, ದೇವಲ ಗಾಣಗಾಪುರದ ಸ್ನಾನಘಟ್ಟವನ್ನು ತೊಳೆಯುತ್ತದೆ. ಪುಣೆಯಿಂದ ದತ್ತನ ದರ್ಶನಕ್ಕೆ ಹೋಗುವವರು ಮುಳುಗೇಳುವುದು ಇದೇ ನೀರಿನಲ್ಲಿ. ಒಂದು ಲೀಟರು ನೀರಿಗೆ ಸೇದಿದ ತುಂಡು ಸುಮಾರು ಒಂದರ ಪ್ರಮಾಣದಲ್ಲಿ ನೆನೆಸಿದ ಕಷಾಯದಲ್ಲಿ ಬಿಟ್ಟ ಮೀನುಗಳ ಪೈಕಿ ಅರ್ಧದಷ್ಟು 96 ಗಂಟೆಗಳೊಳಗೆ ಸತ್ತುದನ್ನು ಅಮೆರಿಕದ ಸ್ಯಾನ್ ಡಿಯಾಗೊ ರಾಜ್ಯ ವಿಶ್ವವಿದ್ಯಾನಿಲಯದವರು 2011ರಲ್ಲಿ ವರದಿ ಮಾಡಿದ್ದಾರೆ. ನದಿಯಲ್ಲಿ ನೀರು ಬಹಳವಿರುತ್ತದೆ, ನಿಜ. ಬೇಸಿಗೆಯ ಹಳ್ಳದ ಮಡುವಿನಲ್ಲಿ ಅಷ್ಟಿರುವುದಿಲ್ಲ.

ಮಣ್ಣಿಗೂ ಇದು ಒಗ್ಗದು. ಇಂಗ್ಲೆಂಡಿನಲ್ಲಿ 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತುಂಡು ಬಿದ್ದ ಮಣ್ಣಿನಲ್ಲಿ ಕ್ಲೋವರ್ ಎಂಬ ಮೇವಿನ ಬೀಜಗಳ ಮೊಳಕೆ ಶೇಕಡ 27ರಷ್ಟು ತಗ್ಗಿತು; ಸೇದದ ಫಿಲ್ಟರೂ ಹೆಚ್ಚುಕಡಮೆ ಅಷ್ಟೇ ಕೆಡುಕು ಮಾಡಿತು. ಪುಣೆಯ ಬೆಟ್ಟಗಳಲ್ಲಿ ಇನ್ನೊಂದು ಅಪಾಯವೂ ಇದೆ. ವೇತಾಳ ಟೇಕಡಿ, ತಳಜಾಯಿಗಳ ಹುಲ್ಲು ಫೆಬ್ರವರಿಯಿಂದ ಮೇವರೆಗೆ ಒಣಗಿ ನಿಂತಿರುತ್ತದೆ. ಗೌಜುಗ ಮೊಟ್ಟೆಯಿಡುವುದು ಆ ಹುಲ್ಲಿನ ಬುಡದಲ್ಲಿ. ಆರದ ತುಂಡೊಂದು ಸಾಕು. ಬೆಂಕಿ ಬಂದರೆ ತಾಯಿಹಕ್ಕಿ ಹಾರಿ ಹೋದೀತು, ಮೊಟ್ಟೆಗೆ ರೆಕ್ಕೆಯಿಲ್ಲ.

ಈ ಖರ್ಚೆಲ್ಲ ಯಾರ ಲೆಕ್ಕಕ್ಕೆ ಬೀಳುತ್ತಿದೆ? ತಯಾರಿಸಿದವರ ಲೆಕ್ಕಕ್ಕಲ್ಲ, ಸೇದಿದವರ ಲೆಕ್ಕಕ್ಕೂ ಅಲ್ಲ. ಮುಂಜಾನೆ ಕಸಬರಿಕೆ ಹಿಡಿದು ಬರುವ ಹೆಂಗಸು ಕಲ್ಲುಹಾಸಿನ ಸಂದಿಯಿಂದ ಒಂದೊಂದನ್ನೇ ಕೆದಕಬೇಕು. ಬಾಟಲಿ, ರಟ್ಟುಗಳಂತೆ ಗುಜರಿಯಲ್ಲಿ ಬೆಲೆ ಬಾರದ್ದರಿಂದ ಚಿಂದಿ ಆಯುವವರು ಅದನ್ನು ಎತ್ತುವುದಿಲ್ಲ. ಕಾನೂನೂ ಅರ್ಧ ದಾರಿಯಲ್ಲಿ ನಿಂತಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುವ ನಿಯಮ 2008ರ ಅಕ್ಟೋಬರ್ 2ರಂದು ಜಾರಿಗೆ ಬಂದದ್ದು ಒಳ್ಳೆಯದೇ. ಆದರೆ ಹೋಟೆಲು, ಕಚೇರಿಗಳ ಬೂದಿತಟ್ಟೆಯಲ್ಲಿ ಬೀಳುತ್ತಿದ್ದ ತುಂಡು ಅದರಿಂದ ಕಾಲುದಾರಿಗೆ ಬಂದು ಬಿದ್ದಿತು. 2022ರ ಜುಲೈ 1ರಿಂದ ಕೆಲವು ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲಿ ನಿಷೇಧಿಸಿದಾಗ, ಸಿಗರೇಟಿನ ಪ್ಯಾಕಿಗೆ ಸುತ್ತುವ ತೆಳುಹಾಳೆ ಆ ಪಟ್ಟಿಯಲ್ಲಿ ಸೇರಿತು. ಪ್ಯಾಕಿನೊಳಗಿನ ಪ್ಲಾಸ್ಟಿಕ್ ಫಿಲ್ಟರು ಸೇರಲಿಲ್ಲ. ಸ್ಪೇನ್ ದೇಶದಲ್ಲಿ 2023ರಿಂದ ತುಂಡುಗಳನ್ನು ಗುಡಿಸುವ ವೆಚ್ಚವನ್ನು ಸಿಗರೇಟು ಕಂಪನಿಗಳ ಮೇಲೆಯೇ ಹೊರಿಸಲಾಗಿದೆ.

ಟಪರಿಯ ನೆರೆಯಲ್ಲಿಯೇ ಹೋಟೆಲು ನಡೆಸುವ ಕರಾವಳಿಯ ಬಂಧುಗಳು ಪುಣೆಯಲ್ಲಿ ಅನೇಕರಿದ್ದಾರೆ. ಮರಳು ತುಂಬಿದ ಕುಂಡವೊಂದನ್ನು ಬಾಗಿಲ ಹೊರಗೆ ಇರಿಸುವುದು ಅವರಿಗೆ ಭಾರವಾಗದು. ಎಲೆಯಡಿಕೆ ಹಾಕುವ ಹಿರಿಯರು ಸುಣ್ಣದ ಡಬ್ಬಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದಂತೆ, ಸೇದುವವರು ಮುಚ್ಚಳವಿರುವ ಸಣ್ಣ ಲೋಹದ ಡಬ್ಬಿಯೊಂದನ್ನು ಇಟ್ಟುಕೊಂಡು, ಪೂರ್ತಿ ಆರಿದ ತುಂಡನ್ನು ಅದರಲ್ಲಿ ಹಾಕಿ, ಆಮೇಲೆ ಕಾಗದದಲ್ಲಿ ಸುತ್ತಿ ಕಸಕ್ಕೆ ಕೊಡಬಹುದು. ಪ್ಯಾಕು ಕೊಳ್ಳುವವರಿಗೆ ಖಾಲಿ ಪ್ಯಾಕೇ ಸಾಕು. ಬಿಡಿ ಸಿಗರೇಟಿನ ಮಾರಾಟವನ್ನು ಮಹಾರಾಷ್ಟ್ರ ಸರಕಾರ 2020ರಲ್ಲಿಯೇ ನಿಷೇಧಿಸಿದ್ದರೂ, ಒಂದೊಂದಾಗಿ ಕೊಂಡು ನಿಂತಲ್ಲೇ ಸೇದುವವರೇ ಟಪರಿಯ ಮುಂದೆ ಬಹಳ. ಅವರ ಕೈಯಲ್ಲಿ ತುಂಡು ಹಾಕಲು ಪ್ಯಾಕಿರುವುದಿಲ್ಲ. ಚಟ ಬಿಡಲು ಉಚಿತವಾಗಿ ಸಲಹೆ ನೀಡುವ ರಾಷ್ಟ್ರೀಯ ದೂರವಾಣಿ ಸೇವೆಯ ಸಂಖ್ಯೆ 1800-11-2356 ಅಚ್ಚಾಗಿರುವುದೂ ಆ ಪ್ಯಾಕಿನ ಮೇಲೆಯೇ. ಬೆಂಗಳೂರಿನ ನಿಮ್ಹಾನ್ಸ್ ಆ ಸೇವೆಯ ಕೇಂದ್ರಗಳಲ್ಲೊಂದಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ.